ಹೆಲ್ಪ್ ಯುವರ್‌ಸೆಲ್ಫ್ ಎಂದ ಯಜಮಾನರು

ಆ ಕಾಲಕ್ಕೆ ಮೊಳಕಾಲ್ಮುರಿನಲ್ಲಿ ಇಂಗ್ಲಿಷಿನಲ್ಲಿ ನಾಲ್ಕು ಮಾತು ನೆಟ್ಟಗೆ ಆಡಬಲ್ಲವರು ಇಬ್ಬರೇ. ಒಬ್ಬರು ಅಮಲ್ದಾರರು, ಇನ್ನೊಬ್ಬ ನಾನು. ಅಮಲ್ದಾರರದು ಕಚೇರಿ ಕಾಗದದ ಇಂಗ್ಲಿಷು. ಅದರಲ್ಲಿ ವರದಿ ಬರೆಯಬಹುದು, ಜುಲ್ಮಾನೆ ಹಾಕಬಹುದು, ಆದರೆ ಬಂದವರನ್ನು ಕೂರಿಸಿ ಟೀ ಕುಡಿಸಲು ಬರುವುದಿಲ್ಲ. ಟೀ ಕುಡಿಸುವ ಇಂಗ್ಲಿಷು ನನ್ನಲ್ಲಿತ್ತು. ಇದನ್ನು ಜಂಬ ಅನ್ನುವವರು ಅನ್ನಲಿ. ಚಳ್ಳಕೆರೆ ಕಡೆಯ ಕುರಿ ಕಾಯುವ ಮನೆಯಲ್ಲಿ ಹುಟ್ಟಿ, ನನ್ನಿವಾಳದ ಬಯಲಲ್ಲಿ ಅಪ್ಪನ ಹಿಂದೆ ಬರಿಗಾಲಲ್ಲಿ ತಿರುಗಿದವನು ಆ ಊರಿನ ಇಂಗ್ಲಿಷ್ ಶಾಲೆಗೆ ಮೇಷ್ಟರಾಗಿ ಬಂದಿದ್ದೆ. ನಮ್ಮ ಜನರಲ್ಲಿ ನನಗಿಂತ ಮೊದಲು ಯಾರೂ ಆ ಕುರ್ಚಿಯಲ್ಲಿ ಕೂತಿರಲಿಲ್ಲ. ಜಂಬ ನನಗೆ ಬಾರದೆ ಇನ್ಯಾರಿಗೆ ಬರಬೇಕು?

ಬಳ್ಳಾರಿಯ ಸಂತೆಯಲ್ಲಿ ರಟ್ಟು ಹರಿದ ಒಂದು ಪುಸ್ತಕ ನನಗೆ ಸಿಕ್ಕಿತ್ತು. ಬಿಳಿಯರು ಒಬ್ಬರ ಮನೆಗೆ ಒಬ್ಬರು ಹೋದಾಗ, ಔತಣದಲ್ಲಿ ಸೇರಿದಾಗ, ಏಳುವಾಗ, ಹೊರಡುವಾಗ ಏನೇನು ಮಾತಾಡುತ್ತಾರೆ ಎಂಬುದೆಲ್ಲ ಅದರಲ್ಲಿತ್ತು. ಹೇಳದೆ ಕೇಳದೆ ಬಂದರೆ ಡ್ರಾಪ್ ಇನ್. ಬರುತ್ತಾರೋ ಇಲ್ಲವೋ ಎಂದಿದ್ದವರು ಬಂದುಬಿಟ್ಟರೆ ಟರ್ನ್ ಅಪ್. ಒಳ್ಳೆ ಬಟ್ಟೆ ತೊಟ್ಟು ಬಂದರೆ ಡ್ರೆಸ್ ಅಪ್. ಹೊರಟವರನ್ನು ಬಾಗಿಲ ತನಕ ಹೋಗಿ ಕಳಿಸಿದರೆ ಸೀ ಆಫ್. ಈ ಮಾತುಗಳಲ್ಲಿ ದೊಡ್ಡ ಪದದ ಹಿಂದೆ ಒಂದು ಪುಟ್ಟ ಪದ, ಕುರಿಯ ಹಿಂದೆ ಮರಿ ಬಂದಹಾಗೆ, ಅಂಟಿಕೊಂಡೇ ಬರುತ್ತದೆ. ನಾನು ಶಾಲೆಗೆ ಹೋಗುವಾಗ, ಬರುವಾಗ, ಬಾವಿಯಲ್ಲಿ ನೀರು ಸೇದುವಾಗ ಇವನ್ನೇ ಗುನುಗುತ್ತಿದ್ದೆ. ನೀರಿಗೆ ಬಂದ ಹೆಂಗಸರು, ಪಾಪ, ಮೇಷ್ಟರಿಗೆ ಏನೋ ಆಗಿದೆ ಎಂದು ತೆಲುಗಿನಲ್ಲಿ ಮಾತಾಡಿಕೊಳ್ಳುತ್ತಿದ್ದರು.

ಆದರೆ ನನ್ನ ಕುರ್ಚಿ ಗಟ್ಟಿಯಾಗಿರಲಿಲ್ಲ. ನಾನು ಆಕ್ಟಿಂಗ್ ಮೇಷ್ಟರು. ಖಾಯಂ ಮಾಡುವುದು, ಬಿಡುವುದು ಶಾಲೆಗಳ ತನಿಖೆಗೆ ಬರುವ ಬಿಳಿ ದೊರೆಯ ಕೈಯಲ್ಲಿತ್ತು. ಆತ ಬರುವ ಸುದ್ದಿ ಬಂದ ದಿನವೇ ಅಮಲ್ದಾರರು ನನ್ನನ್ನು ಕಚೇರಿಗೆ ಕರೆಸಿದರು.

"ನೋಡಿ ಮೇಷ್ಟ್ರೇ, ದೊರೆಗಳಿಗೆ ಬಂಗಲೆಯಲ್ಲಿ ಟೀ ಪಾರ್ಟಿ ಕೊಡ್ತಿದ್ದೇವೆ. ಅವರ ಪದ್ಧತಿ ಪ್ರಕಾರವೇ ನಡೀಬೇಕು. ಊರಿನ ಪ್ರಮುಖರು ಒಬ್ಬೊಬ್ಬರೂ ಒಂದೊಂದು ಮಾತಾದರೂ ಇಂಗ್ಲಿಷಲ್ಲಿ ಆಡಬೇಕು. ಕಲಿಸೋದು ನಿಮ್ಮ ಜವಾಬ್ದಾರಿ. ಚೆನ್ನಾಗಿ ನಡೆದರೆ ನಿಮ್ಮ ವಿಚಾರ ನಾನೇ ಎತ್ತುತ್ತೀನಿ. ಕೆಟ್ಟರೆ, ನಿಮ್ಮ ಕುರಿಗಳು ಚಳ್ಳಕೆರೆಯಲ್ಲಿ ಕಾಯ್ತಾ ಇವೆ ಅಲ್ಲವೇ?"

ಅವರು ನಕ್ಕರು. ನಾನೂ ನಕ್ಕಹಾಗೆ ಮಾಡಿದೆ. ಕುರಿ ಕಾಯುವುದರಲ್ಲಿ ನನಗೆ ನಾಚಿಕೆ ಏನೂ ಇರಲಿಲ್ಲ. ಆದರೆ ಮಗ ಮೇಷ್ಟರಾದನೆಂದು ಅವ್ವ ಹಟ್ಟಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳು, ಆ ಹಟ್ಟಿಗೆ ಗಂಟುಮೂಟೆ ಹೊತ್ತು ಹಿಂದಿರುಗುವುದು ನನ್ನಿಂದ ಆಗುತ್ತಿರಲಿಲ್ಲ.

ಕಲಿಸಲು ಕೂತೆ. ಬಾಗಿಲಲ್ಲಿ ಸ್ವಾಗತ ಹೇಳುವ ಮಾತು ಪಟೇಲರಿಗೆ. ಹೊರಡುವಾಗ ಮತ್ತೆ ಬನ್ನಿ ಎನ್ನುವ ಡೂ ಡ್ರಾಪ್ ಇನ್ ಅಗೇನ್ ಜವಳಿ ಅಂಗಡಿಯ ಶೆಟ್ಟರಿಗೆ. ಶೆಟ್ಟರಿಗೆ ಅದು ಎಷ್ಟು ಹಿಡಿಸಿತೆಂದರೆ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಅದನ್ನೇ ಹೇಳಿ ಕಳಿಸತೊಡಗಿದರು. ಮೇಜಿನ ಬಳಿ ನಿಂತು, ತಿಂಡಿಯ ಕಡೆ ಕೈ ತೋರಿಸಿ, ಹೆಲ್ಪ್ ಯುವರ್‌ಸೆಲ್ಫ್ ಎಂದು ಹೇಳುವುದು ಎಲ್ಲಕ್ಕಿಂತ ಮುಖ್ಯವಾದದ್ದು. ಅದನ್ನು ಎಲ್ಲರಿಗಿಂತ ಹಿರಿಯರಾದ ನೇಕಾರರ ಬೀದಿಯ ಯಜಮಾನರಿಗೆ ಕೊಟ್ಟೆ.

ಈ ಯಜಮಾನರ ಮನೆಯ ಮುಂಗೋಣೆಯಲ್ಲೇ ನಾನು ವಾಸವಾಗಿದ್ದೆ. ಅರವತ್ತು ದಾಟಿದವರು, ಬೆನ್ನು ಮಾತ್ರ ಬಾಗಿರಲಿಲ್ಲ. ಅವರು ನೇಯ್ದ ರೇಷ್ಮೆ ಸೀರೆ ಬೇಕೆಂದು ದೂರದ ಊರುಗಳಿಂದ ಜನ ಬಂದು ಜಗುಲಿಯಲ್ಲಿ ಕೂತು ಕಾಯುತ್ತಿದ್ದರು. ಹಾಗೆ ಕೂತವರು ಯಾರೂ ಉಣ್ಣದೆ ಎದ್ದು ಹೋದದ್ದನ್ನು ನಾನು ಕಾಣಲಿಲ್ಲ. ಯಜಮಾನರು ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಲೇ ಪಾಠ ಕಲಿತರು. ಲಾಳಿ ಅತ್ತ ಹೋದರೆ ಹೆಲ್ಪ್, ಇತ್ತ ಬಂದರೆ ಯುವರ್, ಹಲಗೆ ಬಡಿದರೆ ಸೆಲ್ಫ್. ಎರಡೇ ದಿನಕ್ಕೆ ಬಾಯಿಗೆ ಬಂತು. ನನ್ನ ಶಾಲೆಯ ಮಕ್ಕಳಿಗಿಂತ ಚೆನ್ನಾಗಿ ಹೇಳುತ್ತಿದ್ದರು.

ಮೂರನೆಯ ದಿನ ಕೇಳಿದರು: "ಅಲ್ಲ ಮೇಷ್ಟ್ರೇ, ಇದ್ರ ಅರ್ಥ ಏನ್ರೀ?"

"ಬೇಕಾದ್ದು ನೀವೇ ತಗೊಂಡು ತಿನ್ನಿ, ಅಂತ."

ಲಾಳಿ ನಿಂತಿತು. "ಅಂದ್ರೆ? ನಾವು ಬಡ್ಸಲ್ಲ, ಬೇಕಾದ್ರೆ ನೀನೇ ಬಡಿಸ್ಕೊಂಡು ತಿನ್ನು, ಅಂತಾನಾ? ಮನೆಗೆ ಬಂದೋರ್ಗಾ?"

"ಅದು ಅವರಲ್ಲಿ ಮರ್ಯಾದೆ ಯಜಮಾನ್ರೇ. ಯಾರ ಬಲವಂತಾನೂ ಇಲ್ಲ, ನಿಮ್ಮ ಇಷ್ಟ ಅಂತ."

"ಇಷ್ಟ ಅಂದ್ರೆ ಯಾವನಾದ್ರೂ ತಿಂತಾನೇನ್ರೀ? ನಾಚ್ಕೊಂಡು ಎದ್ ಹೋಗ್ತಾನೆ. ಮೂರ್ ಸಲ ಬ್ಯಾಡ ಬ್ಯಾಡ ಅಂದ್ಮೇಲೆ ತಾನೇ ಹಸಿದೋನು ಎಲೆ ಮ್ಯಾಲಿಂದ ಕೈ ತೆಗೆಯೋದು? ನಾಯಿಗೂ ನಾವು ಕೈಯಾರೆ ಹಾಕ್ತೀವಿ. ನನ್ ಬಾಯಲ್ಲಿ ಈ ಮಾತು ಬರಂಗಿಲ್ಲ. ಬ್ಯಾರೆ ಯಾರ್ಗಾರ ಕೊಡ್ರಿ."

ನನಗೆ ರೇಗಿತು. ನನ್ನ ಪುಸ್ತಕದ ಮಾತಿಗೆ ಮಗ್ಗದ ಗುಂಡಿಯಿಂದ ತಕರಾರೇ? ಇಂಗ್ಲಿಷ್ ಬಲ್ಲವನು ನಾನೋ ನೀವೋ ಎಂದುಬಿಟ್ಟೆ. ನಿಮ್ಮ ಹಟಕ್ಕೆ ನನ್ನ ಕೆಲಸ ಹೋಗುತ್ತದೆ, ಅಮಲ್ದಾರರು ಹೀಗೆ ಹೀಗೆ ಹೇಳಿದ್ದಾರೆ ಎಂದೂ ಬಡಬಡಿಸಿ ಎದ್ದು ನನ್ನ ಕೋಣೆಗೆ ಹೋದೆ. ಮರುದಿನ ಬೆಳಿಗ್ಗೆ ಕಣ್ಣುಬಿಟ್ಟರೆ ಗೋಡೆಯಾಚೆ ಮಗ್ಗದ ಸದ್ದಿನೊಡನೆ ಹೆಲ್ಪ್, ಯುವರ್, ಸೆಲ್ಫ್ ಕೇಳಿಸುತ್ತಿತ್ತು. ನನ್ನ ವಾದ ಗೆದ್ದಿತೆಂದು ಹಿಗ್ಗಿದೆ. ಹಾಸಿಗೆಯಲ್ಲೇ ಮೀಸೆ ತಿರುವಿದೆ.

ಪಾರ್ಟಿಯ ದಿನ ಬಂತು. ಬಂಗಲೆಯ ಪಡಸಾಲೆಯಲ್ಲಿ ಉದ್ದ ಮೇಜು, ಬಿಳಿ ಬಟ್ಟೆ, ಎಲ್ಲಿಂದಲೋ ಎರವಲು ತಂದ ಪಿಂಗಾಣಿ ಬಟ್ಟಲುಗಳು. ಬಳ್ಳಾರಿಯಿಂದ ತರಿಸಿದ ಬಿಸ್ಕತ್ತು ಒಂದು ತಟ್ಟೆ. ಅದರ ಪಕ್ಕದಲ್ಲಿ ನೇಕಾರರ ಬೀದಿಯ ಹೆಂಗಸರು ಮಾಡಿಕೊಟ್ಟ ಚಕ್ಕುಲಿ, ಕೋಡುಬಳೆ, ರವೆ ಉಂಡೆ, ಬಾಳೆಹಣ್ಣು. ನಮ್ಮ ಹಿರಿಯರೆಲ್ಲ ಪೆಟ್ಟಿಗೆಯ ತಳದಿಂದ ತೆಗೆದ ಕೋಟು ಹಾಕಿ, ಜರಿಪೇಟ ಸುತ್ತಿ ಬಂದಿದ್ದರು. ಅವರನ್ನು ನೋಡಿದಾಗ ನನ್ನ ಎದೆ ಉಬ್ಬಿತು. ಡ್ರೆಸ್ ಅಪ್ ಅಂದರೆ ಇದು ಅಂದುಕೊಂಡೆ.

ದೊರೆ ಕುದುರೆಯ ಮೇಲೆ ಬಂದ. ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ಬೆಳಿಗ್ಗೆ ಶಾಲೆಯ ತನಿಖೆಯಲ್ಲೂ ಆತ ನಗಲಿಲ್ಲ, ಗದರಲೂ ಇಲ್ಲ. ಏನು ಬರೆದುಕೊಂಡನೋ ತಿಳಿಯಲಿಲ್ಲ. ಬಾಗಿಲಲ್ಲಿ ಪಟೇಲರು ತಮ್ಮ ಮಾತನ್ನು ಒಂದಕ್ಷರ ತಪ್ಪದೆ ಒಪ್ಪಿಸಿದರು. ದೊರೆ ಬೆರಗಾಗಿ ಟೋಪಿ ತೆಗೆದ. ಅಮಲ್ದಾರರು ನನ್ನ ಕಡೆ ನೋಡಿ ತಲೆ ಆಡಿಸಿದರು. ಯಜಮಾನರು ಮೇಜಿನ ಪಕ್ಕದಲ್ಲಿ ನಿಂತಿದ್ದರು. ದೊರೆ ಹತ್ತಿರ ಬಂದಾಗ ಒಮ್ಮೆ ನನ್ನ ಮುಖ ನೋಡಿದರು, ಆಮೇಲೆ ನೆಲ ನೋಡುತ್ತ, ಗಂಟಲು ಸರಿಮಾಡಿಕೊಂಡು, ಹೆಲ್ಪ್ ಯುವರ್‌ಸೆಲ್ಫ್ ಎಂದರು. ಸ್ಪಷ್ಟವಾಗಿ, ಚೆನ್ನಾಗಿ.

ದೊರೆ ಒಂದೇ ಒಂದು ಬಿಸ್ಕತ್ತು ತೆಗೆದುಕೊಂಡ. ಅರ್ಧ ಕಡಿದು ಸುತ್ತ ನೋಡಿದ. ಗೋಡೆಗೆ ಬೆನ್ನುಕೊಟ್ಟು ನಿಂತ ಹದಿನೈದು ಇಪ್ಪತ್ತು ಜನ ಅವನು ತಿನ್ನುವುದನ್ನೇ ನೋಡುತ್ತಿದ್ದರು. ಯಾರೂ ಮೇಜಿನ ಹತ್ತಿರ ಬರಲಿಲ್ಲ. ಬಂದವನ ಹೊಟ್ಟೆ ತುಂಬುವ ಮುಂಚೆ ಕರೆದವರು ತಿನ್ನುವುದುಂಟೇ? ದೊರೆ ಎಲ್ಲರೂ ತೆಗೆದುಕೊಳ್ಳಿ ಎಂಬಂತೆ ಕೈಮಾಡಿದ. ಯಾರೂ ಕದಲಲಿಲ್ಲ. ಅವನ ಮುಖ ಬಿಗಿಯಿತು. ಅಮಲ್ದಾರರತ್ತ ತಿರುಗಿ, ನನ್ನ ಜೊತೆ ತಿಂದರೆ ಇವರಿಗೆ ಮೈಲಿಗೆಯೋ ಎಂದು ಇಂಗ್ಲಿಷಿನಲ್ಲಿ ಕೇಳಿದ. ಅಮಲ್ದಾರರು ಅದೇನೂ ಇಲ್ಲ ಎಂದು ತಡವರಿಸಿದರು. ದೊರೆ ನಂಬಿದಂತೆ ಕಾಣಲಿಲ್ಲ. ಅರ್ಧ ಬಿಸ್ಕತ್ತು ಇದ್ದ ತಟ್ಟೆಯನ್ನು ಮೇಜಿನ ಮೇಲಿಟ್ಟು ಟೋಪಿಯ ಕಡೆ ನೋಡಿದ. ಅಲ್ಲಿಗೆ ನನ್ನ ಕುರ್ಚಿ ಹೋಯಿತು ಅಂದುಕೊಂಡೆ.

ಆ ಅರ್ಧ ಬಿಸ್ಕತ್ತನ್ನು ಯಜಮಾನರು ತಡೆದುಕೊಳ್ಳಲಾರದೆ ಹೋದರು. ಚಕ್ಕುಲಿಯ ತಟ್ಟೆಯನ್ನೇ ಎತ್ತಿಕೊಂಡು ಬಂದು ಎರಡು ಚಕ್ಕುಲಿ ದೊರೆಯ ತಟ್ಟೆಗೆ ಹಾಕಿ, ತಟ್ಟೆಯನ್ನು ಅವನ ಕೈಗಿಟ್ಟರು. ದೊರೆ ನೋ, ಥ್ಯಾಂಕ್ ಯು ಎಂದ. ಇನ್ನೆರಡು ಬಿತ್ತು. ದೊರೆ ಮತ್ತೆ ನೋ ಎಂದ. ಮೊದಲ ಬೇಡವನ್ನೂ ಎರಡನೆಯ ಬೇಡವನ್ನೂ ನಮ್ಮ ಕಡೆ ಯಾರು ಲೆಕ್ಕಕ್ಕಿಡುತ್ತಾರೆ? ಎರಡು ರವೆ ಉಂಡೆ ಬಂತು. ದೊರೆ ಗಾಬರಿಯಿಂದ ತಟ್ಟೆಗೆ ಕೈ ಅಡ್ಡ ಹಿಡಿದ.

ಅದೊಂದು ಅವನು ಮಾಡಬಾರದಿತ್ತು. ಎಲೆಗೆ ಕೈ ಅಡ್ಡ ಹಿಡಿಯುವುದೆಂದರೆ ನಮ್ಮ ಪಂಕ್ತಿಗಳಲ್ಲಿ, ಬೇಕು, ಆದರೆ ಸಂಕೋಚ, ಇನ್ನೊಂದು ಮಾತು ಹೇಳಿ ಹಾಕಿ, ಎಂದು. ಯಜಮಾನರ ಮುಖ ಅರಳಿತು.

"ಇಷ್ಟಕ್ಕೇ ಕೈ ಅಡ್ಡ ಇಟ್ರೆ ಹೆಂಗ್ರೀ ದೊರೆಗಳೇ? ಕುದ್ರಿ ಮ್ಯಾಲೆ ಅಷ್ಟ್ ದೂರದಿಂದ ಬಂದೀರಿ. ನಮ್ ಮನೆಯೋಳು ಬೆಳಿಗ್ಗೆಯಿಂದ ಒಲೆ ಮುಂದೆ ಕುಂತು ಮಾಡ್ಯಾಳೆ. ಇದೊಂದು ತಗಳ್ರಿ" ಎನ್ನುತ್ತ ಕೋಡುಬಳೆಯನ್ನು ಅವನ ಮುಂಗೈಯ ಮೇಲೆಯೇ ಇಟ್ಟರು.

ದೊರೆ ಕೈಮೇಲಿನ ಕೋಡುಬಳೆ ನೋಡುತ್ತ ನಿಂತುಬಿಟ್ಟ. ಅಮಲ್ದಾರರು ನನ್ನ ತೋಳು ಹಿಡಿದು ಹಲ್ಲು ಕಚ್ಚಿ ಹೇಳಿದರು: "ಆ ಮುದುಕನನ್ನ ಹೊರಗೆ ಕರ್ಕೊಂಡು ಹೋಗಿ. ಈಗಲೇ. ಬುದ್ಧಿ ಸರಿಯಿಲ್ಲ ಅಂತ ನಾನು ದೊರೆಗಳಿಗೆ ಹೇಳ್ತೀನಿ."

ಹೊರಗೆ ಕರೆದುಕೊಂಡು ಹೋಗಿದ್ದರೆ ನನ್ನ ಕೆಲಸ ಉಳಿಯುತ್ತಿತ್ತೋ ಏನೋ. ಎರಡು ಹೆಜ್ಜೆ ಹಾಕಿದೆ ಕೂಡ, ಸುಳ್ಳು ಹೇಳುವುದಿಲ್ಲ. ಯಜಮಾನರು ನನ್ನನ್ನು ನೋಡಿ, ಮೇಷ್ಟ್ರೇ ನೀವೂ ಒಂದ್ ಮಾತು ಹೇಳ್ರಿ, ಪಾಪ ನಾಚ್ಕೊಂತಾರೆ, ಎಂದರು. ಆ ಮುಖದಲ್ಲಿ ಎಳ್ಳಷ್ಟೂ ಕಲ್ಮಷವಿರಲಿಲ್ಲ. ಆ ಮನುಷ್ಯನಿಗೆ ಹುಚ್ಚನೆಂಬ ಹೆಸರು ಹಚ್ಚಿ, ಅವರ ಮನೆಯಲ್ಲಿ ಉಂಡ ಊರಿನ ಮುಂದೆ ರಟ್ಟೆ ಹಿಡಿದು ಹೊರಗೆ ಕಳಿಸಬೇಕೆ? ನನಗೆ ಸಿಟ್ಟು ಉಕ್ಕಿತು. ಅಮಲ್ದಾರರ ಕಡೆ ತಿರುಗಿ, ಆಗುವುದಿಲ್ಲ ಸ್ವಾಮಿ ಎಂದೆ.

ಆಮೇಲೆ ದೊರೆಯ ಮುಂದೆ ನಿಂತೆ. ಬಳ್ಳಾರಿಯ ಪುಸ್ತಕದಲ್ಲಿ ಈ ಸಂದರ್ಭಕ್ಕೆ ಯಾವ ಮಾತೂ ಇರಲಿಲ್ಲ. ಬಾಯಿಪಾಠ ಮಾಡಿದ್ದೆಲ್ಲ ಎತ್ತಲೋ ಹೋಯಿತು. ನಾನು ಮೊದಲ ಬಾರಿಗೆ ನನ್ನದೇ ಇಂಗ್ಲಿಷು ಆಡಿದೆ. ಒಡ್ಡೊಡ್ಡಾಗಿತ್ತು, ಆದರೆ ನಿಲ್ಲಲಿಲ್ಲ. ಸ್ವಾಮಿ, ಇವರು ನಿಮ್ಮ ಜೊತೆ ತಿನ್ನಲು ಹೇಸುತ್ತಿಲ್ಲ. ನಿಮಗೆ ಹೊಟ್ಟೆ ತುಂಬಲೆಂದು ಕಾಯುತ್ತಿದ್ದಾರೆ. ನಮ್ಮಲ್ಲಿ ತಾನೇ ತೆಗೆದುಕೊಂಡು ತಿನ್ನುವವನು ಯಾರಿಗೂ ಬೇಡವಾದವನು. ಈ ಹಿರಿಯರು ನಿಮ್ಮನ್ನು ತಮ್ಮ ಮನೆಗೆ ಬಂದ ನೆಂಟನೆಂದು ತಿಳಿದು ಬಡಿಸುತ್ತಿದ್ದಾರೆ. ತಪ್ಪು ಇವರದಲ್ಲ, ಇಂಗ್ಲಿಷ್ ಮಾತು ಕಲಿಸಿದ ನನ್ನದು. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದೆ.

ದೊರೆ ನನ್ನನ್ನು ನೋಡಿದ. ಆಮೇಲೆ ತಟ್ಟೆ ನೋಡಿದ. ಅದರಲ್ಲಿ ನಾಲ್ಕು ಚಕ್ಕುಲಿ, ಎರಡು ಉಂಡೆ, ಅರ್ಧ ಬಿಸ್ಕತ್ತು ಇದ್ದವು. ಹಾಗಾದರೆ ಇವರನ್ನು ನಿಲ್ಲಿಸುವುದು ಹೇಗೆ ಎಂದು ಮೆಲ್ಲಗೆ ಕೇಳಿದ.

"ಮಜ್ಜಿಗೆ ಕೇಳಬೇಕು ಸ್ವಾಮಿ. ನಮ್ಮ ಊಟದಲ್ಲಿ ಮಜ್ಜಿಗೆ ಬಂದರೆ ಮುಗಿದಹಾಗೆ. ಆಮೇಲೆ ಯಾರೂ ಬಡಿಸುವುದಿಲ್ಲ."

ದೊರೆ ಕುರ್ಚಿ ಎಳೆದು ಕೂತ. ಒಂದು ಚಕ್ಕುಲಿ ಮುರಿದು ತಿಂದ, ಒಂದು ಉಂಡೆ ತಿಂದ, ಕೈಮೇಲಿದ್ದ ಕೋಡುಬಳೆಯನ್ನೂ ತಿಂದ. ಆಮೇಲೆ ಯಜಮಾನರ ಕಡೆ ತಲೆಯೆತ್ತಿ, ನಾಲಿಗೆ ತಿರುಗಿಸಲು ಕಷ್ಟಪಡುತ್ತ, "ಮಜ್ಜಿಗೆ" ಎಂದ.

ಯಜಮಾನರ ಸಡಗರ ನೋಡಬೇಕಿತ್ತು! "ಮಜ್ಜಿಗಿ ಕೇಳಿದ್ರು, ಲೇ, ಯಾರಾದ್ರೂ ಓಡ್ರೋ" ಎಂದು ಕೂಗಿದರು. ಮೇಜಿನ ಮೇಲೆ ಟೀ ಇತ್ತು, ಮಜ್ಜಿಗೆ ಎಲ್ಲಿಂದ ಬರಬೇಕು? ನೇಕಾರರ ಬೀದಿಗೆ ಹೋಗಿ ತರುವವರೆಗೆ ಎಲ್ಲರೂ ಕಾದರು. ದೊರೆಯೂ ಕಾದ. ಇಂಗು ಒಗ್ಗರಣೆ ಹಾಕಿದ ಮಜ್ಜಿಗೆಯನ್ನು ಹಿತ್ತಾಳೆ ಲೋಟದಲ್ಲಿ ಕೊಟ್ಟರು, ಆತ ಕಣ್ಣು ಮುಚ್ಚಿ ಪೂರ್ತಿ ಕುಡಿದ. ಆಗಲೇ ನಮ್ಮ ಹಿರಿಯರು ಗೋಡೆ ಬಿಟ್ಟು ಮೇಜಿಗೆ ಬಂದದ್ದು. ಮಡಿಯವರು ಬಾಳೆಹಣ್ಣು ಹಿಡಿದರು, ಮಿಕ್ಕವರು ಬಿಸ್ಕತ್ತನ್ನೂ ಬಿಡಲಿಲ್ಲ. ದೊರೆ ಕುದುರೆ ಹತ್ತಿದಾಗ ಶೆಟ್ಟರು ಡೂ ಡ್ರಾಪ್ ಇನ್ ಅಗೇನ್ ಎಂದು ಎರಡು ಸಲ ಕೂಗಿ ಹೇಳಿದರು. ಆ ಇಡೀ ದಿನ ದೊರೆ ನಕ್ಕದ್ದು ಆಗ ಮಾತ್ರ.

ಆದರೆ ನನ್ನ ವಿಚಾರವಾಗಿ ಆತ ಒಂದು ಮಾತೂ ಆಡದೆ ಹೋದ. ಅಮಲ್ದಾರರು ನನ್ನ ಜೊತೆ ಮಾತು ಬಿಟ್ಟರು. ದಾರಿಯಲ್ಲಿ ಎದುರಾದರೆ ಛತ್ರಿ ಅಡ್ಡ ಹಿಡಿಯುತ್ತಿದ್ದರು. ನಾನು ಪೆಟ್ಟಿಗೆಗೆ ಬಟ್ಟೆ ಜೋಡಿಸಿಟ್ಟುಕೊಂಡೇ ಶಾಲೆಗೆ ಹೋಗಿಬಂದೆ. ಹೀಗೆ ಎರಡು ತಿಂಗಳು ಕಳೆದ ಮೇಲೆ ಟಪಾಲಿನಲ್ಲಿ ಹುಕುಂ ಬಂತು. ನನ್ನನ್ನು ಖಾಯಂ ಮಾಡಿತ್ತು. ಯಾಕೆ ಏನು ಎಂದು ಅದರಲ್ಲಿ ಬರೆದಿರಲಿಲ್ಲ. ಇವತ್ತಿಗೂ ನನಗೆ ತಿಳಿಯದು.

ಕಾಗದ ಹಿಡಿದು ನೇರವಾಗಿ ಮಗ್ಗದ ಕೋಣೆಗೆ ಓಡಿದೆ. ಯಜಮಾನರು ಓದಿಸಿ ಕೇಳಿದರು. ಮತ್ತೊಮ್ಮೆ ಓದಿಸಿದರು. ಮನೆಯವರನ್ನೆಲ್ಲ ಕರೆದು ಮೂರನೆಯ ಸಲ ಓದಿಸಿದರು. ಎಲ್ಲರೂ ಒಳಗೆ ಹೋದ ಮೇಲೆ ಲಾಳಿಯನ್ನು ಕೈಯಲ್ಲಿ ಹಿಡಿದುಕೊಂಡು, "ಹೋಗ್ಲಿ ಬಿಡಪ್ಪಾ, ಆಡಿದ್ಕೂ ಸಾರ್ಥಕ ಆಯ್ತು" ಎಂದರು. ಬಹುವಚನ ಬಿಟ್ಟು ನನ್ನನ್ನು ಅಪ್ಪಾ ಎಂದದ್ದು ಅದೇ ಮೊದಲು.

"ಏನು ಆಡಿದ್ದು ಯಜಮಾನ್ರೇ?"

"ಆ ಮಾತು. ನೀನೇ ಬಡಿಸ್ಕೊ ಅನ್ನೋದು. ನಮ್ಮಪ್ಪನ ಕಾಲ್ದಾಗಿಂದ ಈ ಮನೇಲಿ ಯಾರೂ ಆಡಿದ್ದಿಲ್ಲ. ಮಗ್ಗದ ಮುಂದೆ ಕುಂತು ದಿನಾ ಹೇಳ್ಕೊಂತಿದ್ದೆ, ದೇವ್ರೇ ಇದು ಬಂದೋರ್ಗಲ್ಲ, ಈ ಹುಡುಗನ್ ಅನ್ನಕ್ಕೆ ಅಂತ. ನೀನು ಕೆಲ್ಸ ಹೋಗ್ತೈತೆ ಅಂದ್ಯಲ್ಲ, ಆಮ್ಯಾಲೆ ನಂಗೆ ನಿದ್ದಿ ಬರ್ಲಿಲ್ಲ."

ನಾನು ತಲೆ ತಗ್ಗಿಸಿದೆ. ನನ್ನ ವಾದ ಗೆದ್ದಿತೆಂದು ಮೀಸೆ ತಿರುವಿದ ಬೆಳಿಗ್ಗೆ ಅವರು ನನಗೋಸ್ಕರ ತಮ್ಮ ಮನೆಯ ಮರ್ಯಾದೆಯನ್ನು ನುಂಗಿಕೊಂಡಿದ್ದರು. ನನಗೇನು ತಿಳಿಯದ ವಿಷಯವೇ? ಸಾಕು ಸಾಕೆಂದು ಎದ್ದು ನಿಂತವನ ರಟ್ಟೆ ಹಿಡಿದು ಕೂರಿಸಿ ಮೂರನೆಯ ಮುದ್ದೆ ಹಾಕುವ ಹಟ್ಟಿಯಲ್ಲಿ ಹುಟ್ಟಿದವನು ನಾನು. ಆ ಮಾತು ಅವರಿಗೆ ಎಷ್ಟು ಚುಚ್ಚುತ್ತದೆಂದು ಗೊತ್ತಿದ್ದೂ ಇಂಗ್ಲಿಷಿನ ಅಮಲಿನಲ್ಲಿ ಕಲಿಸಿದ್ದೆ. ತಪ್ಪಾಯಿತು ಎಂದೆ. ಅವರು ಮತ್ತೆ ನೇಯಲು ತೊಡಗಿದರು.

ರಜೆಯಲ್ಲಿ ಊರಿಗೆ ಹೋದಾಗ ಅವ್ವನಿಗೆ ಎಲ್ಲ ಹೇಳಿದೆ. ದೊರೆಯ ಮುಂದೆ ನಾನು ಇಂಗ್ಲಿಷಿನಲ್ಲಿ ಮಾತಾಡಿದ್ದನ್ನು ಬಣ್ಣ ಕಟ್ಟಿ ಹೇಳಿದೆ. ಅವಳು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. "ಆಯಪ್ಪ ಅಂಥ ಮಾತು ಆಡಿದ್ನಾ? ನಿಂಗೋಸ್ಕರ?" ಎಂದು ಅಷ್ಟನ್ನೇ ಕೇಳಿದಳು. ನಾನು ಹೊರಟ ದಿನ ಅವಳೂ ಗಾಡಿ ಹತ್ತಿದಳು. ಮಡಿಲಲ್ಲಿ ಒಂದು ಕರಿ ಕಂಬಳಿ ಇತ್ತು, ತಾನೇ ನೂಲು ತೆಗೆದದ್ದು. ರೇಷ್ಮೆ ನೇಯುವವರಿಗೆ ಕಂಬಳಿಯೇ, ಅದೂ ಬೇಸಿಗೆಯಲ್ಲಿ, ಎಂದು ನಾನು ದಾರಿಯುದ್ದಕ್ಕೂ ಗೊಣಗಿದೆ.

ಯಜಮಾನರ ಜಗುಲಿಯ ಮುಂದೆ ಅವ್ವ ಕಂಬಳಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. "ಅಣ್ಣಾ, ನನ್ ಮಗನ್ಗೋಸ್ಕರ ಬಾಯಿ ಕೆಡಿಸ್ಕೊಂಡ್ರಂತೆ. ನಮ್ತಾವ ಇರೋದು ಇದೇ ಐತ್ರಿ" ಎಂದಳು.

ಯಜಮಾನರು ಬೆರಳ ತುದಿಯಲ್ಲಿ ನೂಲನ್ನು ಮುಟ್ಟಿ ನೋಡಿದರು, ಕಸುಬುದಾರ ಕಸುಬುದಾರನ ಕೆಲಸ ನೋಡುವ ಹಾಗೆ. "ಚಲೋ ಐತಮ್ಮಾ, ಗಂಟೇ ಇಲ್ಲ" ಎಂದರು. ಕಂಬಳಿಯನ್ನು ಕೊಡವಿ ಹೆಗಲ ಮೇಲೆ ಹೊದ್ದು ಜಗುಲಿಯಿಂದಿಳಿದರು. ನೆತ್ತಿ ಸುಡುವ ಬಿಸಿಲಲ್ಲಿ, ರೇಷ್ಮೆ ನೂಲು ಹಾಸಿ ಒಣಗಿಸಿದ ಆ ಬೀದಿಯ ಈ ತುದಿಯಿಂದ ಆ ತುದಿಯವರೆಗೆ, ಕೇಳಿದವರಿಗೆಲ್ಲ, "ನಮ್ ಮೇಷ್ಟ್ರ ಅವ್ವ ಕೊಟ್ಟಿದ್ದು" ಎನ್ನುತ್ತ ನಡೆದರು. ಅವ್ವ ಜಗುಲಿಯ ಮೇಲೆ ಸೆರಗು ಹೊದ್ದು ನೆಟ್ಟಗೆ ಕೂತು ನೋಡಿದಳು. ನಾನು ಅವಳ ಪಕ್ಕದಲ್ಲಿ ನಿಂತಿದ್ದೆ, ಖಾಯಂ ಆದ ದಿನವೂ ನನಗೆ ಅಷ್ಟು ಹೆಮ್ಮೆ ಆಗಿರಲಿಲ್ಲ.